ಬಾಣಂತಿ ಅಕ್ಕನ ಖಿನ್ನತೆ ಮತ್ತು ಗಂಡನ ಮನೆಯ ಬಾಗಿಲು

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕಿ. ನನ್ನ ಅಕ್ಕನಿಗೆ 26 ವರ್ಷ. ಭಾವ ಪುಣೆಯಲ್ಲಿ ಕಟ್ಟಡ ಕೆಲಸಕ್ಕಿದ್ದಾರೆ. ನಾಲ್ಕು ತಿಂಗಳ ಹಿಂದೆ ನಮ್ಮ ಮನೆಯಲ್ಲಿ ಬಾಣಂತನವಾಯಿತು, ಹುಟ್ಟಿದ್ದು ಎರಡನೆಯ ಹೆಣ್ಣುಕೂಸು. ಮೂರನೆಯ ವಾರದಿಂದ ಅಕ್ಕ ಬದಲಾದಳು. ಕೂಸು ಮಲಗಿದರೂ ಅವಳಿಗೆ ನಿದ್ದೆ ಬರುವುದಿಲ್ಲ, ಕೂಸು ಅತ್ತರೆ ಗೋಡೆ ನೋಡುತ್ತ ಕೂಡುತ್ತಾಳೆ, ತಲೆ ಕಾದಂತಾಗುತ್ತದೆ, ಎದೆ ಡಬಡಬ ಅನ್ನುತ್ತದೆ ಎನ್ನುತ್ತಾಳೆ. ಒಂದು ದಿನ ‘ನಾ ಹೋದ್ರ ಕೂಸಿಗಿ ಛಲೋ ಆಗ್ತದ’ ಅಂದಳು. ಗಾಳಿ ಆಗಿದೆ ಎಂದು ಊರವರು ಹೇಳಿದ್ದಕ್ಕೆ ಗಾಣಗಾಪುರಕ್ಕೆ ಹೋಗಿ ಬಂದೆವು, ತಾಯತ ಕಟ್ಟಿಸಿದೆವು. ಊರಿನ ಡಾಕ್ಟರು ನಿದ್ದೆ ಗುಳಿಗೆ ಕೊಟ್ಟರು. ಕೊನೆಗೆ ಕಲಬುರಗಿಯ ಮನೋವೈದ್ಯರು ಇದು ಬಾಣಂತಿ ಖಿನ್ನತೆ ಎಂದು ಹೇಳಿ ಸರ್ಟ್ರಾಲಿನ್ ಬರೆದುಕೊಟ್ಟರು. ಹನ್ನೆರಡು ದಿನವಾಯಿತು, ಹೇಳಿಕೊಳ್ಳುವಂಥ ಫರಕು ಇಲ್ಲ. ‘ಹುಚ್ಚರ ಗುಳಿಗಿ ತಿಂದು ಕೂಸಿಗಿ ಹಾಲು ಕುಡಸ್ತಾಳ’ ಎಂದು ಅಕ್ಕನ ಅತ್ತೆ ಹೇಳುತ್ತಿದ್ದಾರೆ. ಪೂರ್ತಿ ನೆಟ್ಟಗಾಗುವತನಕ ಕಳಿಸಬೇಡಿ ಎಂದಿದ್ದಾರೆ. ಭಾವನಿಗೆ ಬೇರೆ ಮದುವೆ ಮಾಡುವ ಮಾತೂ ನಡೆದಿದೆಯಂತೆ. ನನಗೆ ವರ ನೋಡುತ್ತಿರುವುದರಿಂದ ಈ ವಿಷಯ ಹೊರಗೆ ಬೀಳಬಾರದೆಂದು ಅವ್ವ ಗುಳಿಗೆ ಬಿಡಿಸಲು ಹೊರಟಿದ್ದಾಳೆ. ಇದು ಹುಚ್ಚೇ? ಗುಳಿಗೆ ಚಟವಾಗುತ್ತದೆಯೇ? ಹಾಲು ಬಿಡಿಸಬೇಕೇ? ಅಕ್ಕನನ್ನು ಬಿಟ್ಟುಬಿಡುವ ಹಕ್ಕು ಅವರಿಗಿದೆಯೇ? ನನಗೂ ಮುಂದೆ ಹೀಗಾಗುತ್ತದೆಯೇ?

ಉತ್ತರ: ನೀವು ಐದು ಪ್ರಶ್ನೆ ಕೇಳಿದ್ದೀರಿ. ಅವುಗಳಿಗೆ ಬರುವ ಮೊದಲು, ನೀವು ಪ್ರಶ್ನೆಯಾಗಿ ಕೇಳದೆ ನಡುವೆ ಬರೆದುಹೋದ ಒಂದು ಮಾತನ್ನು ಹಿಡಿಯುತ್ತೇನೆ. ‘ನಾ ಹೋದ್ರ ಕೂಸಿಗಿ ಛಲೋ ಆಗ್ತದ’ ಎಂದು ಬಾಣಂತಿಯೊಬ್ಬಳು ಅಂದಾಗ ಮನೆಯವರು ಸಾಮಾನ್ಯವಾಗಿ ‘ಹಂಗೆಲ್ಲ ಅನಬ್ಯಾಡ’ ಎಂದು ಬಾಯಿ ಮುಚ್ಚಿಸುತ್ತಾರೆ, ಇಲ್ಲವೆ ತಾವೇ ಅಳಲು ಕೂಡುತ್ತಾರೆ. ನೀವು ಹಾಗೆ ಮಾಡಬೇಡಿ. ಇವತ್ತೇ, ಸುತ್ತ ಯಾರೂ ಇಲ್ಲದ ಹೊತ್ತು ನೋಡಿ ಅಕ್ಕನ ಪಕ್ಕ ಕುಳಿತು, ‘ಸಾಯಬೇಕು ಅಂತ ಅನಸ್ತದೇನು? ಹೆಂಗ ಅಂತ ಏನರ ವಿಚಾರ ಮಾಡೀಯೇನು? ಕೂಸಿನ ಬಗ್ಗೆನೂ ಹಂತಾ ವಿಚಾರ ಬರ್ತದೇನು?’ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಅಂಜಿಕೆ ಬೇಡ. ಎಷ್ಟೋ ತಾಯಂದಿರು ಆ ಪ್ರಶ್ನೆ ಕೇಳಿದ ಕ್ಷಣವೇ ಉಸಿರು ಬಿಟ್ಟು ಅತ್ತು ಹಗುರಾದದ್ದನ್ನು ನಾನು ನೋಡಿದ್ದೇನೆ. ಉತ್ತರ ‘ಹೌದು’ ಎಂದಾದರೆ ಮುಂದಿನ ತಾರೀಖು ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಉತ್ತರ ಏನೇ ಇರಲಿ, ಹೊಲಕ್ಕೆ ಹೊಡೆದು ಉಳಿದ ಎಣ್ಣೆ, ಅಂದರೆ ಕ್ರಿಮಿನಾಶಕದ ಡಬ್ಬಿಗಳನ್ನು ಮನೆಯಿಂದ ಹೊರಗೆ ಹಾಕಿ, ಗುಳಿಗೆಗಳನ್ನು ನಿಮ್ಮ ವಶದಲ್ಲಿಟ್ಟುಕೊಂಡು ದಿನದ ಲೆಕ್ಕದಲ್ಲಿ ಕೊಡಿ, ರಾತ್ರಿ ಅವಳೊಬ್ಬಳೇ ಮಲಗದಂತೆ ನೋಡಿಕೊಳ್ಳಿ. ನಡುರಾತ್ರಿ ದಿಕ್ಕು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಶುಲ್ಕವಿಲ್ಲ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಈಗ ‘ಇದು ಹುಚ್ಚೇ’ ಎಂಬ ಪ್ರಶ್ನೆ. ಹೆರಿಗೆಯ ನಂತರ ಮನಸ್ಸಿಗಾಗುವ ತೊಂದರೆಗಳಲ್ಲಿ ಮೂರು ಬಗೆಯಿವೆ. ಮೂರನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ನಮ್ಮ ಕಡೆ ಅರ್ಧ ಅನಾಹುತವಾಗುತ್ತದೆ. ಮೊದಲನೆಯದು ಹೆತ್ತ ಮೂರ್ನಾಲ್ಕನೆಯ ದಿನಕ್ಕೆ ಬರುವ ಅಳು, ಸಿಡಿಮಿಡಿ, ಕಾರಣವಿಲ್ಲದ ಕಳವಳ. ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಇದು ಬರುತ್ತದೆ, ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ, ಔಷಧ ಬೇಕಾಗುವುದಿಲ್ಲ. ಎರಡನೆಯದು ಖಿನ್ನತೆ. ಅದು ಎರಡು ವಾರ ದಾಟಿಯೂ ನಿಲ್ಲುತ್ತದೆ. ನಿದ್ದೆ, ಹಸಿವು, ಕೂಸಿನ ಮೇಲಿನ ಅಕ್ಕರೆ, ತನ್ನ ಮೇಲಿನ ನಂಬಿಕೆ ಎಲ್ಲವನ್ನೂ ಒಂದೊಂದಾಗಿ ತಿನ್ನುತ್ತದೆ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು ಶೇ. 22ರಷ್ಟು, ಅಂದರೆ ಐವರಲ್ಲಿ ಒಬ್ಬ ತಾಯಿಗೆ ಇದು ಬರುತ್ತದೆ ಎಂದು ಕಂಡುಬಂದಿದೆ. ಮೂರನೆಯದು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣುವ ತೀವ್ರ ಮನೋವಿಕಾರ: ಮೊದಲ ಎರಡು ಮೂರು ವಾರಗಳಲ್ಲೇ ಥಟ್ಟನೆ ಶುರುವಾಗಿ, ತಾಯಿಗೆ ಇಲ್ಲದ ದನಿ ಕೇಳುತ್ತದೆ, ಕೂಸನ್ನು ಯಾರೋ ಬದಲಾಯಿಸಿದ್ದಾರೆ ಎನ್ನುತ್ತಾಳೆ, ನಿದ್ದೆಯೇ ಇಲ್ಲದೆ ಓಡಾಡುತ್ತಾಳೆ. ಇದು ತುರ್ತು ಪರಿಸ್ಥಿತಿ, ದಾಖಲು ಮಾಡಲೇಬೇಕು. ಹಾಗಿದ್ದೂ ಚೆನ್ನಾಗಿ ಗುಣವಾಗುವ ಕಾಯಿಲೆಗಳಲ್ಲಿ ಅದೂ ಒಂದು. ನೀವು ಬರೆದ ಲಕ್ಷಣಗಳು ಎರಡನೆಯದಕ್ಕೆ ಹೊಂದುತ್ತವೆ. ತಲೆ ಕಾಯುವುದು, ಎದೆ ಡಬಡಬ ಎನ್ನುವುದು ಬೇರೆ ರೋಗವಲ್ಲ. ನಮ್ಮ ಭಾಗದ ಹೆಣ್ಣುಮಕ್ಕಳು ‘ಮನಸ್ಸಿಗೆ ಬೇಜಾರು’ ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ, ತಲೆ, ಎದೆ, ಸೊಂಟ, ಬಿಳುಪು ಹೋಗುವುದು, ಕೈಕಾಲು ಜೋಮು ಎಂದು ಮೈಯ ಮಾತಿನಲ್ಲೇ ಹೇಳುತ್ತಾರೆ. ಮೈಯ ನೋವನ್ನಾದರೆ ಮನೆಯವರು ಒಪ್ಪುತ್ತಾರೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿರುತ್ತದೆ.

ಕಾರಣ ಒಂದೇ ಇರುವುದಿಲ್ಲ. ಹೆರಿಗೆಯಾದ ಒಂದೆರಡು ದಿನಗಳಲ್ಲಿ ಗರ್ಭಧಾರಣೆಯ ಹಾರ್ಮೋನುಗಳ ಮಟ್ಟ ಒಮ್ಮೆಲೇ ಕುಸಿಯುತ್ತದೆ. ಕೆಲವರ ಮೆದುಳು ಈ ಕುಸಿತವನ್ನು ತಾಳಿಕೊಳ್ಳುವುದಿಲ್ಲ. ಅದರ ಮೇಲೆ ತಿಂಗಳುಗಟ್ಟಲೆ ನಿದ್ದೆಗೇಡು. ರಾಜ್ಯದಲ್ಲಿ ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗುವುದೂ ಉಂಟು, ಅದು ಥೇಟ್ ಖಿನ್ನತೆಯ ಹಾಗೆಯೇ ಕಾಣಬಲ್ಲದು. ಆದ್ದರಿಂದ ಅಕ್ಕನಿಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಆಗಿರದಿದ್ದರೆ ಮಾಡಿಸಿ. ಎರಡೂ ದೊಡ್ಡ ಖರ್ಚಿನವಲ್ಲ.

ಆದರೆ ರಕ್ತಪರೀಕ್ಷೆಯಲ್ಲಿ ಕಾಣದ ಕಾರಣಗಳೂ ಇವೆ, ಮತ್ತು ಅವುಗಳ ಮಾತು ಬಂದಾಗ ವೈದ್ಯರೂ ಗಂಟಲು ಸರಿಮಾಡಿಕೊಂಡು ಮುಂದೆ ಹೋಗಿಬಿಡುತ್ತಾರೆ. ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಾಣಂತಿಯರನ್ನು ಗರ್ಭಾವಸ್ಥೆಯಿಂದಲೇ ಹಿಂಬಾಲಿಸಿ ನೋಡಿತು. ಬಡತನ, ಗಂಡನ ಹಿಂಸೆ, ಗಂಡು ಬೇಕೆಂದು ಕಾದಿದ್ದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು, ಇವು ಖಿನ್ನತೆಯ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅದು ತೋರಿಸಿತು. ನಿಮ್ಮ ಪತ್ರದಲ್ಲಿ ‘ಎರಡನೆಯ ಹೆಣ್ಣುಕೂಸು’ ಎಂಬುದು ವಯಸ್ಸು, ಊರುಗಳ ಹಾಗೆ ಒಂದು ವಿವರವಾಗಿ ಬಂದಿದೆ. ಅಕ್ಕನ ಪಾಲಿಗೆ ಅದು ವಿವರವಲ್ಲ. ಹೆರಿಗೆ ಕೋಣೆಯ ಹೊರಗೆ ನಿಂತವರು ಸುದ್ದಿ ಕೇಳಿ ಸುಮ್ಮನಾದದ್ದು, ತೊಟ್ಟಿಲಿಗೆ ಹಾಕುವ ದಿನ ಗಂಡನ ಕಡೆಯಿಂದ ಎಷ್ಟು ಮಂದಿ ಬಂದರು ಎಂಬುದು, ಪುಣೆಯಿಂದ ಬರುತ್ತಿದ್ದ ಫೋನು ವಾರಕ್ಕೊಂದಾದದ್ದು, ಇವೆಲ್ಲ ಅವಳಿಗೆ ಲೆಕ್ಕವಿರುತ್ತವೆ. ಕೂಸು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ತಂದೆಯ ವೀರ್ಯಾಣು ಎಂದು ಪುಸ್ತಕದಲ್ಲಿ ಓದಿದವರೂ ಹೆತ್ತವಳ ಮುಖವನ್ನೇ ನೋಡುತ್ತಾರೆ. ಹೆತ್ತ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಸಲ ಬಂದು ಕೂಸನ್ನು ತೂಗುತ್ತಾಳೆ, ಜ್ವರ ನೋಡುತ್ತಾಳೆ. ಆ ಆರು ಭೇಟಿಗಳಲ್ಲಿ ಒಮ್ಮೆಯಾದರೂ ‘ನಿನಗ ನಿದ್ದಿ ಬರ್ತದೇನವ್ವ, ಮನಸ್ಸಿಗಿ ಹ್ಯಾಂಗದ?’ ಎಂದು ತಾಯಿಯನ್ನು ಕೇಳಿದ್ದರೆ ಎಷ್ಟೋ ಮಂದಿ ಮೂರು ತಿಂಗಳು ಮೊದಲೇ ನಮ್ಮಲ್ಲಿಗೆ ಬರುತ್ತಿದ್ದರು. ಆಶಾ ಅವರನ್ನು ದೂರುತ್ತಿಲ್ಲ. ಅವರಿಗೆ ಕೊಟ್ಟ ಕೆಲಸದಲ್ಲಿ ಈ ಪ್ರಶ್ನೆಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಗಾಣಗಾಪುರಕ್ಕೆ ಹೋದದ್ದಕ್ಕೆ ನೀವು ನಾಚಿಕೊಂಡು ಬರೆದಂತೆ ಕಾಣುತ್ತದೆ. ನಾಚಬೇಕಾದ್ದಿಲ್ಲ. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ದತ್ತನ ಪಾದುಕೆಗೋ, ಬಂದೇ ನವಾಜರ ದರ್ಗಾಕ್ಕೋ, ಶರಣಬಸವೇಶ್ವರರ ಗುಡಿಗೋ ಹೋಗಿಯೇ ಬಂದಿರುತ್ತಾರೆ. ಹಲವರಿಗೆ ಅಲ್ಲಿ ಒಂದಿಷ್ಟು ಸಮಾಧಾನ ಸಿಕ್ಕಿರುತ್ತದೆ. ಮನೆಯಲ್ಲಿ ಬಾಯಿ ತೆರೆಯಲಾಗದ ಹೆಣ್ಣುಮಗಳೊಬ್ಬಳು ದೇವರ ಮುಂದೆ ಗಟ್ಟಿಯಾಗಿ ಅಳಬಹುದು, ಒದರಬಹುದು, ಯಾರೂ ತಡೆಯುವುದಿಲ್ಲ. ತಾಯತ ಕೊರಳಲ್ಲಿರಲಿ, ಗುಳಿಗೆ ಹೊಟ್ಟೆಗೆ ಹೋಗಲಿ ಎಂದು ನಾನು ಹೇಳುತ್ತೇನೆ. ಮೂರು ವಿಷಯಗಳಲ್ಲಿ ಮಾತ್ರ ನನ್ನದು ಗಟ್ಟಿ ಮಾತು: ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು ಎಲ್ಲಿದ್ದರೂ ಅಲ್ಲಿಂದ ತಕ್ಷಣ ಎದ್ದು ಬನ್ನಿ, ಯಾರನ್ನೂ ಕಟ್ಟಿಹಾಕಲು ಬಿಡಬೇಡಿ, ದೇವರ ಹೆಸರಿನಲ್ಲಿ ಗುಳಿಗೆ ನಿಲ್ಲಿಸಬೇಡಿ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿದ್ದ 28 ಮನೋರೋಗಿಗಳು ಬೆಂಕಿ ಬಿದ್ದಾಗ ಓಡಲಾಗದೆ ಸತ್ತುಹೋದರು. ಈಗ ಸರಪಳಿ ಹಾಕುವುದನ್ನು ಕಾನೂನೇ ನಿಷೇಧಿಸಿದೆ.

ಗುಳಿಗೆಯ ಬಗ್ಗೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈಗ ನಿಮ್ಮ ಮನೆಯಲ್ಲಿ ಜಗಳ ನಡೆದಿರುವುದು ಅದರ ಸುತ್ತ. ಸರ್ಟ್ರಾಲಿನ್‌ನಂಥ ಖಿನ್ನತೆಯ ಔಷಧಗಳು ಚಟ ಹಿಡಿಸುವುದಿಲ್ಲ. ಅವು ನಿಧಾನವಾಗಿ ಕೆಲಸ ಮಾಡುತ್ತವೆ: ಎರಡರಿಂದ ನಾಲ್ಕು ವಾರಕ್ಕೆ ನಿದ್ದೆ, ಹಸಿವು ಸುಧಾರಿಸತೊಡಗುತ್ತವೆ, ಮನಸ್ಸು ಪೂರ್ತಿ ತಿಳಿಯಾಗಲು ಆರರಿಂದ ಎಂಟು ವಾರ ಹಿಡಿಯಬಹುದು. ಹನ್ನೆರಡನೆಯ ದಿನಕ್ಕೆ ಫರಕು ಕಾಣಲಿಲ್ಲ ಎಂದು ಬಿಡಿಸುವುದು, ತೊಗರಿ ಹೂವಾಡುವ ಮೊದಲೇ ಬೆಳೆ ಕೆಟ್ಟಿತೆಂದು ಹರಗಿದ ಹಾಗೆ. ಮೊದಲ ವಾರ ವಾಕರಿಕೆ, ಭೇದಿ, ತಲೆನೋವು, ಒಂದಿಷ್ಟು ಚಡಪಡಿಕೆ ಬರಬಹುದು. ಸಾಮಾನ್ಯವಾಗಿ ತಾನಾಗಿ ಇಳಿಯುತ್ತವೆ. ಚಡಪಡಿಕೆ ವಿಪರೀತವಾದರೆ ಅಥವಾ ಸಾಯುವ ಯೋಚನೆ ಹೆಚ್ಚಾದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಇನ್ನೊಂದು ಸೂಚನೆಯನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಿ: ಅಕ್ಕ ಒಮ್ಮೆಲೇ ಅತಿ ಉತ್ಸಾಹದಿಂದ, ನಿದ್ದೆಯಿಲ್ಲದೆಯೂ ದಣಿವಿಲ್ಲದೆ, ಬಿಡುವಿಲ್ಲದೆ ಮಾತನಾಡತೊಡಗಿದರೆ ಗುಣವಾಯಿತೆಂದು ಹಿಗ್ಗಬೇಡಿ. ಒಳಗೆ ಬೈಪೋಲಾರ್ ಕಾಯಿಲೆ ಇರುವವರಿಗೆ ಈ ಔಷಧ ಹಾಗೆ ಏರಿಸಬಲ್ಲದು, ಆಗ ಚಿಕಿತ್ಸೆಯನ್ನೇ ಬದಲಾಯಿಸಬೇಕಾಗುತ್ತದೆ.

ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಔಷಧ ಮುಂದುವರಿಸಿ, ನಂತರ ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ತಲೆ ತಿರುಗುವುದು, ಮೈಯಲ್ಲಿ ಕರೆಂಟು ಹೊಡೆದಂತಾಗುವುದು, ಗಾಬರಿ ಬರುವುದುಂಟು. ಇದನ್ನು ಕಂಡೇ ಜನ ‘ನೋಡ್ರಿ, ಚಟ ಆಗ್ಯದ’ ಎನ್ನುವುದು. ಚಟವೆಂದರೆ ಪ್ರಮಾಣ ಏರಿಸುತ್ತ ಹೋಗಬೇಕೆನ್ನಿಸುವುದು, ಅದಿಲ್ಲದೆ ಬೇರೇನೂ ಬೇಡವೆನ್ನಿಸುವುದು, ಇಲ್ಲಿ ಅದಾಗುವುದಿಲ್ಲ. ಚಟವಾಗಬಲ್ಲದ್ದು ಊರಿನ ಡಾಕ್ಟರು ಕೊಟ್ಟ ನಿದ್ದೆ ಗುಳಿಗೆ. ಅದು ಆಲ್ಪ್ರಜೋಲಮ್‌ನಂಥ ಔಷಧವಾಗಿದ್ದರೆ ಕೆಲವೇ ವಾರಗಳಲ್ಲಿ ಅಂಟಿಕೊಳ್ಳುತ್ತದೆ, ಹಾಲಿನ ಮೂಲಕ ಕೂಸಿಗೂ ಮಂಪರು ತರಬಹುದು, ಅದನ್ನು ನುಂಗಿ ಗಾಢ ನಿದ್ದೆಯಲ್ಲಿರುವ ತಾಯಿಯ ಮಗ್ಗುಲಲ್ಲಿ ಕೂಸನ್ನು ಮಲಗಿಸುವುದೂ ಅಪಾಯ. ವಿಚಿತ್ರವೆಂದರೆ ಆ ಗುಳಿಗೆಯನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ‘ಹುಚ್ಚರ ಗುಳಿಗಿ’ ಎನ್ನುವುದಿಲ್ಲ, ನುಂಗಿದವಳು ಸುಮ್ಮನೆ ಮಲಗಿರುತ್ತಾಳಲ್ಲ. ಅದು ಇನ್ನೂ ನಡೆದಿದ್ದರೆ, ಹಾಗೆಯೇ ನಿಲ್ಲಿಸದೆ, ಪಟ್ಟಿಯನ್ನು ಮನೋವೈದ್ಯರಿಗೆ ತೋರಿಸಿ ಅವರ ಸಲಹೆಯಂತೆ ಇಳಿಸಿ.

ಹಾಲು ಬಿಡಿಸಬೇಕಾದ್ದಿಲ್ಲ. ಸರ್ಟ್ರಾಲಿನ್ ಎದೆಹಾಲಿಗೆ ಇಳಿಯುವುದು ಅತ್ಯಲ್ಪ. ಕೂಸಿನ ರಕ್ತದಲ್ಲಿ ಹಲವು ಸಲ ಪತ್ತೆಯೇ ಆಗದಷ್ಟು. ಹಾಲೂಡಿಸುವ ತಾಯಂದಿರಿಗೆ ಮೊದಲು ಆರಿಸುವ ಔಷಧಗಳಲ್ಲಿ ಅದಿರುವುದು ಇದೇ ಕಾರಣಕ್ಕೆ. ತಿಂಗಳು ತುಂಬಿ ಹುಟ್ಟಿದ, ತೂಕ ಸರಿಯಿರುವ ನಾಲ್ಕು ತಿಂಗಳ ಕೂಸಿಗೆ ಚಿಂತೆಯಿಲ್ಲ. ಅವಧಿಗೆ ಮೊದಲೇ ಹುಟ್ಟಿದ್ದರೆ ಮಕ್ಕಳ ವೈದ್ಯರಿಗೊಮ್ಮೆ ತೋರಿಸಿ. ಅತಿಯಾದ ಮಂಪರು, ಹಾಲು ಸರಿಯಾಗಿ ಚೀಪದಿರುವುದು, ಬಿಡದ ಅಳು ಕಂಡರೆ ತಿಳಿಸಿ. ಎಲ್ಲ ಔಷಧಗಳಿಗೂ ಈ ಮಾತು ಹೊಂದುವುದಿಲ್ಲ ಎಂಬುದೂ ನಿಜ: ಲಿಥಿಯಂ, ಕ್ಲೋಜಪಿನ್‌ನಂಥವನ್ನು ಕೊಡಬೇಕಾಗಿ ಬಂದರೆ ಹಾಲಿನ ವಿಷಯದಲ್ಲಿ ಬೇರೆ ನಿರ್ಧಾರ ಮಾಡಬೇಕಾಗುತ್ತದೆ.

ಬೇರೆ ದಾರಿಗಳೂ ಇವೆ. ಖಿನ್ನತೆ ಸೌಮ್ಯವಾಗಿದ್ದರೆ ಔಷಧವಿಲ್ಲದೆ ಆಪ್ತಸಮಾಲೋಚನೆಯಿಂದಲೇ ಗುಣವಾಗಬಹುದು. ಸಾಯುವ ಮಾತು ಬಂದಿರುವ ನಿಮ್ಮ ಅಕ್ಕನಂಥವರಿಗೆ ಅದೊಂದನ್ನೇ ನೆಚ್ಚಿಕೊಳ್ಳುವುದು ಸುರಕ್ಷಿತವಲ್ಲ, ಔಷಧದ ಜೊತೆಗೆ ನಡೆಯಲಿ. ಅನ್ನ ನೀರು ಬಿಟ್ಟರೆ, ಸಾಯುವ ಯೋಚನೆ ಗಟ್ಟಿಯಾಗಿದ್ದರೆ ಕೆಲವು ದಿನ ದಾಖಲಾಗುವುದೇ ಲೇಸು. ಆಗ ವೈದ್ಯರು ವಿದ್ಯುತ್ ಕಂಪನ ಚಿಕಿತ್ಸೆ ಸೂಚಿಸಿದರೆ ‘ಶಾಕ್’ ಎಂಬ ಶಬ್ದಕ್ಕೆ ಹೆದರಬೇಡಿ. ಅರಿವಳಿಕೆ ಕೊಟ್ಟೇ ಮಾಡಬೇಕೆಂಬುದು ಕಾನೂನು, ಸ್ವಲ್ಪ ದಿನ ನೆನಪು ಮಸುಕಾಗಬಹುದು, ಆದರೆ ಅದರಷ್ಟು ಬೇಗ ಜೀವ ಉಳಿಸುವ ಚಿಕಿತ್ಸೆ ನಮ್ಮಲ್ಲಿ ಇನ್ನೊಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸನ್ನು ಒಟ್ಟಿಗೆ ಇಟ್ಟುಕೊಂಡು ನೋಡುವ ಪ್ರತ್ಯೇಕ ಘಟಕ 2009ರಿಂದ ಇದೆ. ಏನನ್ನೂ ಮಾಡದೆ ಕಾಯುವುದೂ ಒಂದು ದಾರಿಯೇ, ನಿಮ್ಮ ಅವ್ವ ಈಗ ಹಿಡಿಯಲು ಹೊರಟಿರುವುದು ಅದನ್ನೇ. ಕೆಲವರು ತಿಂಗಳುಗಳ ಮೇಲೆ ತಾವಾಗಿ ಸುಧಾರಿಸುವುದೂ ಉಂಟು. ಅಷ್ಟರೊಳಗೆ ಹೋದ ಜೀವ ಮರಳಿ ಬರುವುದಿಲ್ಲ. ಬದುಕಿ ಉಳಿದವಳಿಗೂ ಕೂಸು ಮುಖ ನೋಡಿ ನಗುವುದನ್ನು ಕಲಿತ ಆ ತಿಂಗಳುಗಳು ಕೈಗೆ ಸಿಗುವುದಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಯಾವ ವೈದ್ಯರಾದರೂ ಬರೆಯುತ್ತಿದ್ದರು. ಕಲಬುರಗಿಯಲ್ಲಿ ಎರಡು ದಶಕ ಈ ಕೆಲಸ ಮಾಡಿದ ಮೇಲೆ ನನಗೆ ಹೇಳಬೇಕೆನ್ನಿಸುವುದು ಇನ್ನೊಂದಿದೆ. ಗಂಡಸಿಗೆ ಮನೋರೋಗ ಬಂದಾಗ ಅವನ ಹೆಂಡತಿ ಬರುತ್ತಾಳೆ. ಫೈಲು ಅವಳ ಕೈಯಲ್ಲಿರುತ್ತದೆ, ಗುಳಿಗೆಯ ಹೆಸರು ಓದಲು ಬಾರದಿದ್ದರೂ ಬಣ್ಣ ಅವಳಿಗೆ ಗೊತ್ತಿರುತ್ತದೆ, ಹತ್ತು ವರ್ಷವಾದರೂ ತಪ್ಪದೆ ಬರುತ್ತಾಳೆ. ‘ಇವಳು ಬಿಟ್ಟು ಹೋಗಲಿ’ ಎಂದು ಯಾರೂ ಅನ್ನುವುದಿಲ್ಲ; ಮದುವೆ ಮಾಡಿದರೆ ನೆಟ್ಟಗಾಗುತ್ತಾನೆ ಎಂದು ಕಾಯಿಲೆಯ ಹುಡುಗನಿಗೆ ಹೆಣ್ಣು ತರುವವರೂ ಇದ್ದಾರೆ. ಹೆಂಗಸಿಗೆ ಅದೇ ರೋಗ ಬಂದರೆ ಜೊತೆಗೆ ಬರುವವರು ಹೆಚ್ಚಾಗಿ ತವರಿನವರು: ಮುದಿ ತಂದೆ, ಅಣ್ಣ, ನಿಮ್ಮಂಥ ತಂಗಿ. ಮೂರನೆಯ ಭೇಟಿಯ ಹೊತ್ತಿಗೆ ‘ಗಂಡನ ಮನಿಯವರು ಕರಕೊಳ್ಳವಲ್ಲರು’ ಎಂಬ ಮಾತು ಬರುತ್ತದೆ. ಕಾಯಿಲೆ ಒಂದೇ, ಗುಳಿಗೆ ಒಂದೇ, ಚೀಟಿ ಒಂದೇ. ಒಬ್ಬನಿಗೆ ಅದರಿಂದ ಆರೈಕೆ ಸಿಗುತ್ತದೆ, ಇನ್ನೊಬ್ಬಳಿಗೆ ಅದರಿಂದಲೇ ಮನೆ ಹೋಗುತ್ತದೆ. ಹೆಣ್ಣಿಗೆ ಸಮಾನತೆ ಎಂದಾಗ ನಾವು ಓದು, ನೌಕರಿ, ಆಸ್ತಿಯ ಮಾತನಾಡುತ್ತೇವೆ. ಕಾಯಿಲೆ ಬಿದ್ದಾಗಲೂ ಮನೆಯ ಮನುಷ್ಯಳಾಗಿಯೇ ಉಳಿಯುವುದು ಅದರಲ್ಲಿ ಸೇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದರಲ್ಲಿ ನಮ್ಮ ವೃತ್ತಿಯ ಪಾಲೂ ಇದೆ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಬಾಣಂತಿಯ ಬಗ್ಗೆ ಅತ್ತೆಯನ್ನೋ ಗಂಡನನ್ನೋ ಕೇಳಿ ಬರೆದುಕೊಳ್ಳುತ್ತಿದ್ದೆ. ಅವರು ಮುಂದಿನ ಕುರ್ಚಿಯಲ್ಲಿ ಕೂಡುತ್ತಿದ್ದರು, ಅವಳು ಗೋಡೆಗೆ ಆತು ನಿಂತಿರುತ್ತಿದ್ದಳು. ‘ಕೆಲಸ ಮಾಡಂಗಿಲ್ರಿ, ಸಿಟ್ಟು ಬಾಳ’ ಎಂದು ಅವರು ಹೇಳಿದ್ದು ಫೈಲಿಗೆ ಹೋಗುತ್ತಿತ್ತು. ಅಂಥ ಒಬ್ಬ ಹೆಣ್ಣುಮಗಳು ನಾಲ್ಕು ಭೇಟಿಗಳಾದರೂ ಸುಧಾರಿಸದಿದ್ದಾಗ ಮನೆಯವರನ್ನು ಹತ್ತು ನಿಮಿಷ ಹೊರಗೆ ಕೂಡಿಸಿದೆ. ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಇಟ್ಟಳು: ಆರು ವಾರದಿಂದ ನುಂಗದೆ ಉಳಿಸಿಕೊಂಡ ಗುಳಿಗೆಗಳು, ಬೆವರಿಗೆ ಅರ್ಧ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ‘ಇವು ತಿಂದ್ರ ನಿದ್ದಿ ಬರ್ತದ, ನಿದ್ದಿ ಬಂದ್ರ ಹೊಡಿತಾರ’ ಎಂದಳು. ನಾನು ಬರೆದ ಔಷಧ ಅವಳ ಮನೆಯಲ್ಲಿ ಕೆಲಸ ಮಾಡುವಂತೆಯೇ ಇರಲಿಲ್ಲ, ಮತ್ತು ನಾನು ಅದನ್ನು ಕೇಳಿಯೇ ಇರಲಿಲ್ಲ. ಅಂದಿನಿಂದ ಪ್ರತಿ ಹೆಣ್ಣುಮಗಳ ಜೊತೆ ಒಬ್ಬಂಟಿಯಾಗಿ ಮಾತನಾಡದೆ ನಾನು ಚೀಟಿ ಬರೆದಿಲ್ಲ. ನಿಮ್ಮ ಅಕ್ಕನಿಗೂ ಆ ಹತ್ತು ನಿಮಿಷ ಸಿಗಬೇಕು. ವೈದ್ಯರು ತಾವಾಗಿ ಕೇಳದಿದ್ದರೆ ನೀವೇ ಎದ್ದು ಹೊರಗೆ ಬನ್ನಿ, ಅವ್ವನನ್ನೂ ಕರೆದುಕೊಂಡು ಬನ್ನಿ.

ಈಗ ಹಕ್ಕಿನ ಪ್ರಶ್ನೆ. ವಕೀಲರು ಇನ್ನೂ ನಿಖರವಾಗಿ ಹೇಳಬಲ್ಲರು, ಆದರೆ ನಿಮ್ಮ ಅಂಜಿಕೆ ಇಳಿಯುವಷ್ಟು ನಾನು ಹೇಳಬಲ್ಲೆ. ಖಿನ್ನತೆ ಬಂದಿತೆಂಬ ಕಾರಣಕ್ಕೆ ಹಿಂದೂ ವಿವಾಹ ಮುರಿದುಬೀಳುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 13ನೆಯ ಕಲಮಿನಲ್ಲಿ ಮನೋರೋಗ ವಿಚ್ಛೇದನಕ್ಕೆ ಒಂದು ಆಧಾರವಾಗಿರುವುದು ನಿಜ. ಆದರೆ ರೋಗ ವಾಸಿಯಾಗದಂಥದ್ದು, ಅಥವಾ ಜೊತೆಗೆ ಬಾಳಲು ಸಾಧ್ಯವೇ ಇಲ್ಲವೆನ್ನುವಷ್ಟು ತೀವ್ರವಾದದ್ದು ಎಂದು ನ್ಯಾಯಾಲಯದಲ್ಲಿ ಸಿದ್ಧಪಡಿಸಬೇಕು. ರೋಗದ ಹೆಸರು ಹೇಳಿದರೆ ಸಾಲದು, ಅದರ ತೀವ್ರತೆಯನ್ನು ತೋರಿಸಬೇಕು ಎಂದು ಸುಪ್ರೀಂ ಕೋರ್ಟು 1988ರಲ್ಲೇ, ಸ್ಕಿಜೋಫ್ರೇನಿಯಾದಂಥ ದೊಡ್ಡ ಕಾಯಿಲೆಯ ಪ್ರಕರಣದಲ್ಲೇ ಹೇಳಿದೆ. ತಿಂಗಳುಗಳಲ್ಲಿ ಗುಣವಾಗುವ ಬಾಣಂತಿ ಖಿನ್ನತೆಯನ್ನು ಹಿಡಿದುಕೊಂಡು ಆ ಆಧಾರದ ಮೇಲೆ ಗೆಲ್ಲುವುದು ಬಹಳ ಕಷ್ಟ. ಮೊದಲ ಮದುವೆ ಇರುವಾಗಲೇ ಇನ್ನೊಂದು ಮದುವೆ ಮಾಡಿಕೊಂಡರೆ ಅದು ಅಪರಾಧ. ಹೆಂಡತಿಗೆ, ಮಕ್ಕಳಿಗೆ ಜೀವನಾಂಶ ಕೊಡಲೇಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತವನ್ನಷ್ಟೇ ಅಲ್ಲ, ಚುಚ್ಚುಮಾತನ್ನೂ, ಗಂಡುಮಗು ಹೆರಲಿಲ್ಲವೆಂದು ಹೀಯಾಳಿಸುವುದನ್ನೂ, ಖರ್ಚಿಗೆ ಕೊಡದಿರುವುದನ್ನೂ ದೌರ್ಜನ್ಯವೆಂದೇ ಕರೆಯುತ್ತದೆ ಮತ್ತು ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನು ಹೆಂಡತಿಗೆ ಕೊಡುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ನಮ್ಮ ರಾಜ್ಯದಲ್ಲಿ ಇದರ ಸಂರಕ್ಷಣಾಧಿಕಾರಿಗಳು. ಮಹಿಳಾ ಸಹಾಯವಾಣಿಯ ಸಂಖ್ಯೆ 181. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದೆ. ಲಿಂಗ, ಜಾತಿ, ಧರ್ಮದ ಭೇದವಿಲ್ಲದೆ ಚಿಕಿತ್ಸೆ ಪಡೆಯುವುದು ಹಕ್ಕು ಎಂದು ಅದು ಹೇಳುತ್ತದೆ. ಮನೋರೋಗವೆಂದು ವೈದ್ಯರು ಬರೆದ ಮಾತ್ರಕ್ಕೆ ಒಬ್ಬಳು ಬುದ್ಧಿಸ್ಥಿಮಿತವಿಲ್ಲದವಳು ಎಂದಾಗುವುದಿಲ್ಲ, ಅದನ್ನು ನ್ಯಾಯಾಲಯ ಮಾತ್ರ ಹೇಳಬಹುದು. ಆಸ್ಪತ್ರೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು, ಮಗುವಿಗೆ ಅಪಾಯವಿದ್ದ ಹೊರತು, ಬೇರೆ ಮಾಡುವಂತಿಲ್ಲ. ರೋಗದ ವಿವರಗಳನ್ನು ವೈದ್ಯರು ಗುಟ್ಟಾಗಿಡಬೇಕು. ಆದ್ದರಿಂದ ಗಂಡನ ಕಡೆಯವರು ಯಾರಾದರೂ ‘ಹುಚ್ಚು ಎಂದು ಬರೆದುಕೊಡಿ’ ಎಂದು ಆಸ್ಪತ್ರೆಗೆ ಹೋದರೆ ಅಂಥ ಚೀಟಿ ಸಿಗಬಾರದು. ನಿಮ್ಮ ಕಡೆಯವರೂ ಒಂದು ತಪ್ಪು ಮಾಡಬೇಡಿ: ಹಿರಿಯರ ಪಂಚಾಯಿತಿಯಲ್ಲಿ ಯಾವ ಬಿಳಿ ಹಾಳೆಗೂ ಅಕ್ಕನ ಸಹಿ, ಹೆಬ್ಬೆಟ್ಟು ಹಾಕಿಸಬೇಡಿ. ಖಿನ್ನತೆಯಲ್ಲಿರುವವಳು ‘ಎಲ್ಲಾ ನನ್ನದೇ ತಪ್ಪು’ ಎಂದು ಏನನ್ನೂ ಒಪ್ಪಿಬಿಡುತ್ತಾಳೆ.

ಇಷ್ಟು ಬರೆದೆನೆಂದು ನಾಳೆಯೇ ಕಾಯ್ದೆ ಹಿಡಿದು ಹೋಗಿ ಎನ್ನುತ್ತಿಲ್ಲ. ಅನೇಕ ಮನೆಗಳಲ್ಲಿ ಅತ್ತೆಯ ಸಿಟ್ಟಿನ ಕೆಳಗೆ ಅಂಜಿಕೆಯಿರುತ್ತದೆ. ತಮ್ಮ ಬಾಣಂತನದಲ್ಲಿ ಇದನ್ನೇ ಉಂಡು ಯಾರಿಗೂ ಹೇಳದೆ ನುಂಗಿದ ಅತ್ತೆಯಂದಿರನ್ನೂ ನಾನು ಕಂಡಿದ್ದೇನೆ. ಭಾವ ಇನ್ನೂ ಏನೂ ಹೇಳಿದಂತೆ ನಿಮ್ಮ ಪತ್ರದಲ್ಲಿಲ್ಲ. ಅವರ ಹೆಸರಿನಲ್ಲಿ ಉಳಿದವರು ಮಾತನಾಡುತ್ತಿದ್ದಾರೆ, ಅಷ್ಟೇ. ಅವರಿಗೆ ನೀವೇ ಫೋನ್ ಮಾಡಿ. ‘ಅಕ್ಕನಿಗೆ ಬಾಣಂತಿಯರಿಗೆ ಬರುವ ಕಾಯಿಲೆ ಆಗಿದೆ, ಗುಳಿಗೆ ನಡೆದಿದೆ, ಗುಣವಾಗುತ್ತದೆ, ಮುಂದಿನ ತಾರೀಖಿಗೆ ನೀವು ಬರಬೇಕೆಂದು ಡಾಕ್ಟರು ಹೇಳಿದ್ದಾರೆ’ ಎಂದಷ್ಟೇ ಹೇಳಿ. ಗಂಡ ಬಂದು ವೈದ್ಯರ ಬಾಯಿಂದ ಕೇಳಿದ ದಿನ ಎಷ್ಟೋ ಸಂಸಾರಗಳ ದಿಕ್ಕು ಬದಲಾಗಿದೆ. ‘ಗಂಡು ಬೇಕು’ ಎಂದು ಬೇಗ ಮೂರನೆಯ ಬಸಿರಿನ ಮಾತು ಎದ್ದರೆ ಅದಕ್ಕೂ ಅಂದೇ ಉತ್ತರ ಸಿಗಲಿ: ಒಮ್ಮೆ ಈ ಖಿನ್ನತೆ ಬಂದವರಿಗೆ ಮುಂದಿನ ಹೆರಿಗೆಯಲ್ಲಿ ಮತ್ತೆ ಬರುವ ಸಂಭವ ಹೆಚ್ಚು. ಪೂರ್ತಿ ಗುಣವಾಗಿ ಔಷಧ ನಿಲ್ಲುವವರೆಗಾದರೂ ಬಸಿರಾಗದಂತೆ ನೋಡಿಕೊಳ್ಳಬೇಕು, ಆಮೇಲೆಯೂ ಬೇಕೋ ಬೇಡವೋ ಎಂಬ ನಿರ್ಧಾರದಲ್ಲಿ ಅಕ್ಕನ ಮಾತು ಮೊದಲು ಬರಬೇಕು.

ನಿಮ್ಮ ಕೊನೆಯ ಪ್ರಶ್ನೆ ನಿಮ್ಮದೇ. ಅಕ್ಕನಿಗೋ ತಾಯಿಗೋ ಇದು ಬಂದಿದ್ದರೆ ತಂಗಿಗೆ ಬರುವ ಸಂಭವ ಉಳಿದವರಿಗಿಂತ ಸ್ವಲ್ಪ ಹೆಚ್ಚು; ಬಂದೇ ಬರುತ್ತದೆ ಎಂದಲ್ಲ. ಗೊತ್ತಿರುವುದು ನಿಮಗೇ ಲಾಭ, ನಿಮ್ಮ ಹೆರಿಗೆಯ ಹೊತ್ತಿಗೆ ಮೊದಲ ವಾರದಿಂದಲೇ ಕಣ್ಣಿಡಬಹುದು. ಅವ್ವನ ಅಂಜಿಕೆ ನನಗೆ ಅರ್ಥವಾಗುತ್ತದೆ, ಎರಡು ಹೆಣ್ಣುಮಕ್ಕಳನ್ನು ಹೆತ್ತ ತಾಯಿ ಒಬ್ಬಳ ಬಾಳನ್ನು ತಕ್ಕಡಿಯ ಒಂದು ಕಡೆ, ಇನ್ನೊಬ್ಬಳ ಬಾಳನ್ನು ಇನ್ನೊಂದು ಕಡೆ ಇಟ್ಟು ತೂಗುವ ಹಾಗಾಗಿದೆ. ಊರಿಗೆಲ್ಲ ಸಾರಬೇಕಾದ್ದಿಲ್ಲ, ಅಕ್ಕನ ಕಾಯಿಲೆಯನ್ನು ಯಾರಿಗೆ ಹೇಳಬೇಕೆಂಬುದು ಅಕ್ಕನ ಇಷ್ಟ. ಗುಟ್ಟಾಗಿಡುವುದು ಬೇರೆ, ಗುಳಿಗೆ ಬಿಡಿಸುವುದು ಬೇರೆ. ನಡುವೆ ಬಿಟ್ಟ ಖಿನ್ನತೆ ಮತ್ತೆ ಕೆರಳಿದರೆ ಅದನ್ನು ಬಚ್ಚಿಡುವುದು ಯಾರಿಂದಲೂ ಆಗುವುದಿಲ್ಲ ಎಂದು ಅವ್ವನಿಗೆ ಸಮಾಧಾನದಿಂದ ಹೇಳಿ.

ಚಿಕಿತ್ಸೆಗೆ ದೂರ ಹೋಗಬೇಕಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗಳಿವೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿನ ವಾರ ಯಾವುದೆಂದು ಆಶಾ ಅವರಿಂದ ತಿಳಿದುಕೊಳ್ಳಿ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮನೋರೋಗಕ್ಕೆ ಔಷಧ ಕೊಡಬಹುದೆಂದು ಇಡೀ ದೇಶಕ್ಕೆ ತೋರಿಸಿಕೊಟ್ಟದ್ದು 1985ರಲ್ಲಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಶುರುವಾದ ಪ್ರಯೋಗ, ಅದರಿಂದಲೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಶಕ್ತಿ ಯೋಜನೆ ಬಂದ ಮೇಲೆ ನನ್ನಲ್ಲಿಗೆ ಬರುವ ಹೆಣ್ಣುಮಕ್ಕಳು ತಾರೀಖು ತಪ್ಪಿಸುವುದು ಕಡಿಮೆಯಾಗಿದೆ, ಬಸ್ಸಿನ ಚಾರ್ಜಿಗೆ ಗಂಡನ ಮುಂದೆ ಕೈಚಾಚಬೇಕಿಲ್ಲವಲ್ಲ. ನೀವೂ ಅಕ್ಕನೂ ಹಾಗೆಯೇ ಬರಬಹುದು.

ರಾತ್ರಿ ಅಕ್ಕನಿಗೆ ಐದಾರು ತಾಸು ಎಡೆಬಿಡದ ನಿದ್ದೆ ಸಿಗುವಂತೆ ಒಂದು ಏರ್ಪಾಡು ಮಾಡಿ: ಮಲಗುವ ಮುಂಚೆ ಅವಳು ಹಾಲು ಕೊಟ್ಟರೆ, ನಡುವಿನ ಒಂದು ಸರದಿಗೆ ಹಿಂಡಿಟ್ಟ ಹಾಲನ್ನು ನೀವೋ ಅವ್ವನೋ ಚಮಚದಲ್ಲಿ ಕುಡಿಸಿ. ನಿದ್ದೆ ಇಲ್ಲದೆ ಯಾವ ಗುಳಿಗೆಯೂ ಹತ್ತುವುದಿಲ್ಲ. ಕೂಸನ್ನು ಎತ್ತಿಕೊಳ್ಳದಿದ್ದಕ್ಕೆ ‘ನೀ ಎಂಥಾ ತಾಯಿ’ ಎಂಬ ಮಾತು ಯಾರ ಬಾಯಿಂದಲೂ ಬರದಿರಲಿ. ಸ್ನಾನ ಮಾಡಿಸಿ ಎಣ್ಣೆ ಹಚ್ಚುವಾಗ ಪಕ್ಕದಲ್ಲಿ ಕೂಡಿಸಿಕೊಳ್ಳಿ, ಒತ್ತಾಯ ಬೇಡ. ಮುಂದಿನ ಭೇಟಿಗೆ ಹೋಗುವಾಗ ಎಲ್ಲ ಗುಳಿಗೆಗಳ ಪಟ್ಟಿ, ಹಳೆಯ ಚೀಟಿ, ಕೂಸಿನ ತಾಯಿ ಕಾರ್ಡು ತೆಗೆದುಕೊಂಡು ಹೋಗಿ. ಭಾವ ಬಂದಿದ್ದರೂ, ನೀವು ಇದ್ದರೂ, ವೈದ್ಯರ ಮುಂದಿನ ಕುರ್ಚಿಯಲ್ಲಿ ಅಕ್ಕ ಕೂಡಲಿ, ಅವಳೇ ಮಾತನಾಡಲಿ. ಮಾತು ನಡುವೆ ನಿಂತರೆ ನೀವು ತುಂಬಲು ಹೋಗಬೇಡಿ, ಸ್ವಲ್ಪ ಹೊತ್ತು ಕಾಯಿರಿ.